ಫ್ರಿಜ್ಜಿನಲ್ಲಿ ಮಂಜುಗಡ್ಡೆ ಕಟ್ಟದಿದ್ದರೆ: ಮನೆಯಲ್ಲೇ ಸರಿಪಡಿಸಬಹುದಾದುದೆಷ್ಟು?

ಶಿವರಾತ್ರಿ ಕಳೆದು ಬಿಸಿಲು ಏರತೊಡಗಿತೆಂದರೆ ಸಂಘದ ಕಚೇರಿಗೆ ಬರುವ ಸದಸ್ಯರ ಮಾತಿನಲ್ಲಿ ಅಡಿಕೆಯ ಧಾರಣೆ, ಬೋರಿನ ನೀರು ಇವುಗಳ ಜೊತೆಗೆ ಇನ್ನೊಂದು ದೂರೂ ಸೇರಿಕೊಳ್ಳುತ್ತದೆ: "ಫ್ರಿಜ್ ಓಡ್ತಾನೇ ಇದೆ, ಐಸ್ ಮಾತ್ರ ಕಟ್ತಾ ಇಲ್ಲ." ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಈ ನಾಲ್ಕೂ ತಾಲ್ಲೂಕುಗಳ ಸದಸ್ಯರಿಂದ ಈ ಮಾತನ್ನು ಕೇಳಿದ್ದೇವೆ. ಆದ್ದರಿಂದ ಈ ಸಂಚಿಕೆಯಲ್ಲಿ ತೋಟ ಬಿಟ್ಟು ಅಡುಗೆಮನೆಗೆ ಬಂದಿದ್ದೇವೆ.

ಇದು ಬರಿಯ ಶರಬತ್ತಿನ ಮಾತಲ್ಲ. ಸಕ್ಕರೆ ಕಾಯಿಲೆಯವರ ಇನ್ಸುಲಿನ್ ಇರುವುದು ಇದೇ ಪೆಟ್ಟಿಗೆಯಲ್ಲಿ. ನಾಟಿ ಕೋಳಿಗಳಿಗೆ ಕೊಕ್ಕರೆ ರೋಗದ ಲಸಿಕೆ ತರಬೇಕಾದರೆ ಮನೆಯಿಂದ ಮಂಜುಗಡ್ಡೆ ತುಂಬಿಕೊಂಡು ಹೋಗಬೇಕು. ಇವೆಲ್ಲಕ್ಕಿಂತ ದೊಡ್ಡ ವಿಷಯವೆಂದರೆ, ರಿಪೇರಿಗೆ ತಪ್ಪು ಕಡೆ ಕೈ ಹಾಕಿದರೆ ಹಣವೂ ಹೋದೀತು, ಜೀವವೂ ಹೋದೀತು. ಯಾವುದಕ್ಕೆ ನಾವೇ ಕೈ ಹಾಕಬಹುದು, ಯಾವುದನ್ನು ಮುಟ್ಟಕೂಡದು ಎಂಬ ಗೆರೆಯನ್ನು ತೋರಿಸುವುದೇ ಈ ಲೇಖನದ ಉದ್ದೇಶ.

ಎರಡು ಸಲ ಗ್ಯಾಸ್ ತುಂಬಿಸಿದ ಕಥೆ

ನಾಗಮಂಗಲದ ಕಡೆಯ ಸದಸ್ಯರೊಬ್ಬರ ತೋಟದ ಮನೆಗೆ ಹೋಗಿದ್ದಾಗ ಅವರು ಎರಡು ರಸೀದಿ ತಂದು ತೋರಿಸಿದರು. ಒಂದೇ ಬೇಸಿಗೆಯಲ್ಲಿ ಎರಡು ಸಲ ಫ್ರಿಜ್ಜಿಗೆ ಗ್ಯಾಸ್ ತುಂಬಿಸಿದ್ದರು. ಆದರೂ ತಟ್ಟೆಯ ನೀರು ತಣ್ಣಗಾಗುತ್ತಿತ್ತೇ ಹೊರತು ಗಟ್ಟಿಯಾಗುತ್ತಿರಲಿಲ್ಲ. ಬಾಗಿಲು ತೆಗೆದು ನೋಡಿದೆವು. ಸುತ್ತಲಿನ ರಬ್ಬರ್ ಪಟ್ಟಿಯನ್ನು ಕೆಳಗಿನ ಮೂಲೆಯಲ್ಲಿ ಒಂದು ಗೇಣು ಉದ್ದ ಇಲಿ ಕಡಿದಿತ್ತು. ಹಗಲು ರಾತ್ರಿ ಅಲ್ಲಿಂದ ಬಿಸಿಗಾಳಿ ಒಳಕ್ಕೆ ನುಗ್ಗುತ್ತಿತ್ತು. ರಬ್ಬರ್ ಪಟ್ಟಿ ಬದಲಿಸಿದ ಮರುದಿನವೇ ಐಸ್ ಕಟ್ಟಿತು. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ತೆಗೆದುಕೊಂಡ ಹಾಗಾಗಿತ್ತು ಅವರ ಪಾಡು.

ಐಸ್ ಕಟ್ಟದಿರುವುದು ಒಂದು ಲಕ್ಷಣ ಮಾತ್ರ, ಅದೇ ರೋಗವಲ್ಲ. ಅಡಿಕೆ ಗರಿ ಹಳದಿಯಾದರೆ ಬೇರು ನೋಡದೆ ಔಷಧಿ ಹೊಡೆಯುತ್ತೇವೆಯೇ? ಹಾಗೆಯೇ ಇಲ್ಲೂ ಮೊದಲು ಕಾರಣ ಹುಡುಕಬೇಕು.

ಫ್ರಿಜ್ ಎಂಬುದು ಒಂದು ಪಂಪು

ಫ್ರಿಜ್ ತಂಪನ್ನು ತಯಾರಿಸುವುದಿಲ್ಲ. ಒಳಗಿನ ಶಾಖವನ್ನು ಎತ್ತಿ ಹೊರಗೆ ಹಾಕುತ್ತದೆ. ಬಾವಿಯಲ್ಲಿ ಕೆಳಗಿರುವ ನೀರನ್ನು ಪಂಪು ಮೇಲಕ್ಕೆ ಎತ್ತುವಂತೆ, ತಂಪಿನ ಜಾಗದಲ್ಲಿರುವ ಶಾಖವನ್ನು ಬಿಸಿಯ ಜಾಗಕ್ಕೆ ಎತ್ತುವುದು ಅದರ ಕೆಲಸ. ಹಿಂಬದಿಯಲ್ಲಿ ಕೆಳಗಿರುವ ಕರಿಯ ಗುಂಡು, ಅಂದರೆ ಕಂಪ್ರೆಸರ್, ಆ ಪಂಪು. ಅದು ಅನಿಲವನ್ನು ಒತ್ತಿ ಬಿಸಿ ಮಾಡಿ ಹಿಂಬದಿಯ ಕಪ್ಪು ಜಾಲರಿಗೆ ದೂಡುತ್ತದೆ. ಅಲ್ಲಿ ಶಾಖ ಬಿಟ್ಟುಕೊಟ್ಟು ಅನಿಲ ದ್ರವವಾಗುತ್ತದೆ. ಆ ದ್ರವ ಕೂದಲೆಳೆಯಂಥ ಸಣ್ಣ ಕೊಳವೆಯ ಮೂಲಕ ಫ್ರೀಜರಿನ ಗೋಡೆಯೊಳಕ್ಕೆ ಹೋಗಿ, ಅಲ್ಲಿ ಮತ್ತೆ ಆವಿಯಾಗುವಾಗ ಸುತ್ತಲಿನ ಶಾಖವನ್ನು ಹೀರುತ್ತದೆ. ಈ ಅನಿಲ ಸುತ್ತುವ ದಾರಿ ಪೂರ್ತಿ ಬೆಸುಗೆ ಹಾಕಿ ಮುಚ್ಚಿದ್ದು. ತೂತಾಗದೆ ಗ್ಯಾಸ್ ಖರ್ಚಾಗುವುದಿಲ್ಲ. "ಹಳೆಯದಾಯಿತು, ಗ್ಯಾಸ್ ಮುಗಿದಿದೆ" ಎಂಬ ಮಾತನ್ನು ಕೇಳಿದೊಡನೆ ನಂಬಬೇಡಿ.

ಇನ್ನೊಂದು ಲೆಕ್ಕ ನೋಡಿ. 30 ಡಿಗ್ರಿ ಬಿಸಿಯಿರುವ ಒಂದು ಲೀಟರ್ ನೀರನ್ನು ಸೊನ್ನೆ ಡಿಗ್ರಿಗೆ ಇಳಿಸಲು 30 ಕಿಲೋ ಕ್ಯಾಲರಿ ಶಾಖ ತೆಗೆಯಬೇಕು. ಸೊನ್ನೆ ಡಿಗ್ರಿಯ ಅದೇ ನೀರನ್ನು ಗಡ್ಡೆ ಕಟ್ಟಿಸಲು ಮತ್ತೆ 80 ಕಿಲೋ ಕ್ಯಾಲರಿ ತೆಗೆಯಬೇಕು. ತಣ್ಣಗೆ ಮಾಡುವುದಕ್ಕಿಂತ ಗಟ್ಟಿ ಮಾಡುವುದಕ್ಕೆ ಎರಡೂವರೆ ಪಟ್ಟಿಗಿಂತ ಹೆಚ್ಚು ಕೆಲಸ. ಆದ್ದರಿಂದ ಫ್ರಿಜ್ಜಿನಲ್ಲಿ ಯಾವ ಸಣ್ಣ ಕೊರತೆ ಬಂದರೂ ಮೊದಲು ನಿಲ್ಲುವುದು ಮಂಜುಗಡ್ಡೆ. ಹಾಲು ಕೆಡಲು ಇನ್ನೂ ಸಮಯವಿರುವಾಗಲೇ ಐಸ್ ತಟ್ಟೆ ನಮಗೆ ಎಚ್ಚರಿಕೆ ಕೊಡುತ್ತದೆ.

ಮೊದಲು ವೋಲ್ಟೇಜ್ ನೋಡಿ

ನಮ್ಮ ಜಿಲ್ಲೆಯ ಶಿವನಸಮುದ್ರದಿಂದ 1902ರಲ್ಲೇ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹೋಯಿತೆಂಬುದು ನಮಗೆಲ್ಲ ಹೆಮ್ಮೆ. ಆದರೆ ನಾಲೆಯ ಕೊನೆಯ ಗದ್ದೆಗೆ ನೀರು ಸಣ್ಣಗೆ ಬರುವಂತೆ, ಲೈನಿನ ಕೊನೆಯ ಮನೆಗೆ ವೋಲ್ಟೇಜ್ ಸಣ್ಣಗೆ ಬರುತ್ತದೆ. ಪಂಪ್‌ಸೆಟ್ಟಿನ ಲೈನಿನಿಂದಲೇ ಕರೆಂಟು ಪಡೆಯುವ ತೋಟದ ಮನೆಗಳಲ್ಲಿ ಇದು ಇನ್ನೂ ಹೆಚ್ಚು. ಸುತ್ತಲಿನ ಮೋಟಾರುಗಳೆಲ್ಲ ಒಟ್ಟಿಗೆ ಓಡಿದಾಗ 230 ವೋಲ್ಟ್ ಇರಬೇಕಾದಲ್ಲಿ ಬಹಳ ಕೆಳಗೆ ಇಳಿಯುತ್ತದೆ. ಆಗ ಒಳಗಿನ ದೀಪ ಉರಿಯುತ್ತದೆ, ಕಂಪ್ರೆಸರ್ ಮಾತ್ರ ತಿರುಗುವುದಿಲ್ಲ. ಸ್ವಲ್ಪ ಹೊತ್ತು ಗುಂಯ್‌ಗುಟ್ಟಿ, "ಟಕ್" ಎಂದು ನಿಂತು, ಕೆಲವು ನಿಮಿಷ ಬಿಟ್ಟು ಮತ್ತೆ ಹಾಗೆಯೇ ಮಾಡುತ್ತದೆ. ನಮ್ಮ ಮೋಟಾರಿನ ಸ್ಟಾರ್ಟರಿನಲ್ಲಿ ರಿಲೇ ಬೀಳುವಂತೆ ಇಲ್ಲೂ ಒಂದು ರಕ್ಷಣೆಯ ಸಾಧನವಿದೆ. ಆ ಸದ್ದು ಅದರದು.

ಸ್ಟೆಬಿಲೈಸರಿನ ಮುಳ್ಳನ್ನು ಬೆಳಿಗ್ಗೆ, ಸಂಜೆ, ಪಂಪಿಗೆ ಕರೆಂಟು ಕೊಡುವ ಹೊತ್ತು, ಹೀಗೆ ಮೂರು ಸಲ ನೋಡಿ ಬರೆದಿಡಿ. ಪಂಪಿನ ಹೊತ್ತಿನಲ್ಲಿ ಮಾತ್ರ ಇಳಿಯುತ್ತಿದ್ದರೆ ದೋಷ ಫ್ರಿಜ್ಜಿನದಲ್ಲ. ಸ್ಟೆಬಿಲೈಸರ್ ಇಲ್ಲದಿದ್ದರೆ ಹಾಕಿಸಿ. ಕರೆಂಟು ಹೋಗಿ ಬಂದ ಮೇಲೆ ನಾಲ್ಕೈದು ನಿಮಿಷ ತಡೆದು ಚಾಲೂ ಆಗುವಂಥದ್ದನ್ನೇ ಕೇಳಿ ಕೊಳ್ಳಿ. ಒತ್ತಡ ಇಳಿಯುವ ಮೊದಲೇ ಕಂಪ್ರೆಸರ್ ತಿರುಗಲು ಹೋದರೆ ಅದರ ಸುರುಳಿ ಸುಡುವ ಅಪಾಯವಿದೆ.

ಒಂದು ಎಚ್ಚರಿಕೆ: ಮನೆಯಲ್ಲಿ ಕೆಲವು ದೀಪ ಕಣ್ಣು ಕುಕ್ಕುವಂತೆ ಉರಿದು ಕೆಲವು ಮಂಕಾದರೆ ನ್ಯೂಟ್ರಲ್ ತಂತಿ ಕಡಿದಿರಬಹುದು. ಮೇನ್ ಸ್ವಿಚ್ಚನ್ನು ತಕ್ಷಣ ಆರಿಸಿ. ಆ ಹೊತ್ತಿನಲ್ಲಿ ಮನೆಗೆ 400 ವೋಲ್ಟಿನವರೆಗೂ ಬರಬಹುದು. ಫ್ರಿಜ್ ಮಾತ್ರವಲ್ಲ, ಇದ್ದದ್ದೆಲ್ಲ ಸುಡುತ್ತದೆ.

ಮನೆಯಲ್ಲೇ ಮಾಡಬಹುದಾದ ನಾಲ್ಕು ಕೆಲಸ

ಯಾವ ಕೆಲಸಕ್ಕೂ ಮೊದಲು ಪ್ಲಗ್ಗನ್ನು ಗೋಡೆಯಿಂದ ಕಿತ್ತಿಡಬೇಕು. ಸ್ವಿಚ್ ಆರಿಸಿದರೆ ಸಾಲದು.

1. ಬಾಗಿಲಿನ ರಬ್ಬರ್: ಒಂದು ಕಾಗದದ ಚೂರನ್ನು ಬಾಗಿಲಿಗೂ ಪೆಟ್ಟಿಗೆಗೂ ನಡುವೆ ಇಟ್ಟು ಮುಚ್ಚಿ, ಮೆಲ್ಲಗೆ ಎಳೆಯಿರಿ. ಬಿಗಿಯಾಗಿ ಬರಬೇಕು. ಸಲೀಸಾಗಿ ಜಾರಿದರೆ ಅಲ್ಲಿ ಗಾಳಿ ನುಗ್ಗುತ್ತಿದೆ. ನಾಲ್ಕೂ ಬದಿಯಲ್ಲಿ ಹೀಗೆ ನೋಡಿ. ರಬ್ಬರಿನ ಮಡಿಕೆಗಳಲ್ಲಿ ಇರುವೆ, ಹಾಲಿನ ಕೊಳೆ, ಅಡಿಕೆಯ ದೂಳು ಸೇರಿಕೊಂಡಿರುತ್ತವೆ. ಸೋಪಿನ ನೀರಿನಿಂದ ತೊಳೆದು ಒರೆಸಿ. ಸೊಟ್ಟಗಾಗಿದ್ದರೆ ಬಿಸಿನೀರಿನಲ್ಲಿ ಹಿಂಡಿದ ಬಟ್ಟೆಯನ್ನು ಒತ್ತಿ ಹಿಡಿದು ಮೃದುವಾದ ಮೇಲೆ ನೇರ ಮಾಡಿ. ಹರಿದಿದ್ದರೆ ಮಾದರಿ ಹೇಳಿ ಹೊಸದು ತರಿಸಬೇಕು. ಫ್ರಿಜ್ಜಿನ ಮುಂದಿನ ಕಾಲುಗಳನ್ನು ಕೂದಲೆಳೆಯಷ್ಟು ಎತ್ತರಿಸಿದರೆ ಬಾಗಿಲು ತಾನಾಗಿ ಮುಚ್ಚಿಕೊಳ್ಳುತ್ತದೆ.

2. ಹಿಂಬದಿಯ ಜಾಲರಿ: ಎತ್ತಿದ ಶಾಖವನ್ನು ಸುರಿಯುವ ಜಾಗ ಇದು. ಅಡಿಕೆ ಸುಲಿಯುವ ಕಾಲದಲ್ಲಿ ಸಿಪ್ಪೆಯ ನಾರು, ದೂಳು ಇದರ ಮೇಲೆ ಕಂಬಳಿಯಂತೆ ಕೂರುತ್ತದೆ. ಒಣ ಬ್ರಷ್ಷಿನಿಂದ ತೆಗೆಯಿರಿ. ಗೋಡೆಗೆ ನಾಲ್ಕು ಅಂಗುಲವಾದರೂ ಅಂತರ ಬಿಡಿ. ಒಲೆಯ ಪಕ್ಕದಲ್ಲಿ, ಬಿಸಿಲು ಬೀಳುವ ಪಡಸಾಲೆಯಲ್ಲಿ ಫ್ರಿಜ್ ಇಡಬಾರದು. ಹೊಸ ಮಾದರಿಗಳಲ್ಲಿ ಈ ಜಾಲರಿ ಅಕ್ಕಪಕ್ಕದ ತಗಡಿನೊಳಗೆ ಇರುವುದರಿಂದ ಆ ಬದಿಗಳು ಬೆಚ್ಚಗಿರುವುದು ಸಹಜ. ಗಾಬರಿ ಬೇಡ.

3. ಹಿಮದ ಪದರ: ಫ್ರೀಜರಿನ ಗೋಡೆಗೆ ಹಿಮ ಹತ್ತಿಕೊಂಡಷ್ಟೂ ತಂಪು ಹೆಚ್ಚೆಂದು ತಿಳಿದವರಿದ್ದಾರೆ. ಇದು ತಪ್ಪು. ಹಿಮವೇ ಹೊದಿಕೆಯಾಗಿ ತಟ್ಟೆಗೂ ತಂಪಿಗೂ ಅಡ್ಡ ನಿಲ್ಲುತ್ತದೆ. ಕಾಲು ಅಂಗುಲ ದಪ್ಪವಾದೊಡನೆ ಕರಗಿಸಬೇಕು. ಮಲೆನಾಡಿನ ಕಾಫಿ ತೋಟದ ಸದಸ್ಯರಿಗೆ ಮಳೆಗಾಲದ ತೇವದ ಗಾಳಿಯಿಂದ ಇದು ಬೇಗ ಬೆಳೆಯುತ್ತದೆ. ಪ್ಲಗ್ ಕಿತ್ತು, ಪದಾರ್ಥಗಳನ್ನು ತೆಗೆದು, ಬಾಗಿಲು ತೆರೆದು, ಒಳಗೊಂದು ಬಟ್ಟಲು ಬಿಸಿನೀರು ಇಟ್ಟು ಕಾಯಿರಿ. ಸಡಿಲವಾದ ತುಂಡುಗಳನ್ನು ಕೈಯಿಂದ ತೆಗೆದು ಒಣಗಿಸಿ ಒರೆಸಿ.

4. ನೀರಿನ ರಂಧ್ರ ಮತ್ತು ಹಿಂದಿನ ತಟ್ಟೆ: ಕರಗಿದ ನೀರು ಹೋಗುವ ರಂಧ್ರ ಕಟ್ಟಿದ್ದರೆ ಪಿಚಕಾರಿಯಿಂದ ಉಗುರುಬೆಚ್ಚಗಿನ ನೀರು ಬಿಟ್ಟು ಬಿಡಿಸಿ. ಹಿಂಬದಿಯ ತಟ್ಟೆಯನ್ನು ವಾರಕ್ಕೊಮ್ಮೆ ಚೆಲ್ಲಿ ತೊಳೆಯಿರಿ. ಡೆಂಗಿ ಹರಡುವ ಸೊಳ್ಳೆ ಮೊಟ್ಟೆಯಿಡಲು ಇಂಥ ನಿಂತ ನೀರನ್ನೇ ಹುಡುಕುತ್ತದೆ.

ಐಸ್ ತಟ್ಟೆಯ ಅಡಿಯನ್ನು ಒದ್ದೆ ಮಾಡಿ ಫ್ರೀಜರಿನ ನೆಲಕ್ಕೆ ಅಂಟುವಂತೆ ಇಟ್ಟರೆ ಒಂದೇ ಬಾಗಿಲಿನ ಫ್ರಿಜ್ಜಿನಲ್ಲಿ ಬೇಗ ಗಟ್ಟಿಯಾಗುತ್ತದೆ. ಗುಂಡಿಯನ್ನು ಬೇಸಿಗೆಯೆಂದು ಕೊನೆಯ ಅಂಕಿಗೆ ತಿರುಗಿಸಿ ತಿಂಗಳುಗಟ್ಟಲೆ ಬಿಡಬೇಡಿ. ಬಿಡುವಿಲ್ಲದೆ ಓಡಿ ಹಿಮ ಬೆಳೆಸುತ್ತದೆ, ಅಷ್ಟೆ. ಅಂದಹಾಗೆ, ಇನ್ಸುಲಿನ್ನನ್ನು ಫ್ರೀಜರಿನಲ್ಲಾಗಲಿ ಅದಕ್ಕೆ ತಾಗಿಸಿಯಾಗಲಿ ಇಡಕೂಡದು. ಹೆಪ್ಪುಗಟ್ಟಿದರೆ ಅದು ಕೆಲಸಕ್ಕೆ ಬಾರದು. ಅದಕ್ಕೆ ಬೇಕಾದ್ದು 2ರಿಂದ 8 ಡಿಗ್ರಿಯ ತಂಪು ಮಾತ್ರ.

ಚಾಕು ಹಿಡಿಯಬೇಡಿ

ಅಂಟಿಕೊಂಡ ತಟ್ಟೆಯನ್ನು ಎಬ್ಬಿಸಲು ಚಾಕು, ಸ್ಕ್ರೂ ಡ್ರೈವರ್, ಕೆಲವು ಮನೆಗಳಲ್ಲಿ ಅಡಿಕೆ ಸುಲಿಯುವ ಕತ್ತಿಯನ್ನೂ ಹಿಡಿಯುತ್ತಾರೆ. ಒಂದೇ ಬಾಗಿಲಿನ ಫ್ರಿಜ್ಜಿನಲ್ಲಿ ಫ್ರೀಜರಿನ ಗೋಡೆಯೇ ಗ್ಯಾಸ್ ಹರಿಯುವ ಕೊಳವೆ. ಅದು ತೆಳು ಅಲ್ಯೂಮಿನಿಯಂ. ಮೊನೆ ತಾಗಿದರೆ "ಸುಯ್" ಎಂಬ ಸದ್ದಿನೊಂದಿಗೆ ಗ್ಯಾಸ್ ಹೋಗುತ್ತದೆ. ಅಲ್ಲಿಗೆ ಮನೆಯ ರಿಪೇರಿಯ ಕಥೆ ಮುಗಿಯಿತು.

ನಷ್ಟ ಹಣದ್ದು ಮಾತ್ರವಲ್ಲ. ಹಿಂದಿನ ಫ್ರಿಜ್ಜುಗಳಲ್ಲಿ ಆರ್-12 ಎಂಬ ಅನಿಲವಿತ್ತು. ಅದು ಆಕಾಶದ ಓಜೋನ್ ಪದರವನ್ನು ಕೆಡಿಸುತ್ತದೆಂದು ತಿಳಿದ ಮೇಲೆ 1987ರ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಜಗತ್ತು ಅದನ್ನು ಕೈಬಿಡುತ್ತ ಬಂತು. ಭಾರತ 1992ರಲ್ಲಿ ಒಪ್ಪಂದಕ್ಕೆ ಸೇರಿತು. ಬಳಿಕ ಆರ್-134ಎ ಬಂತು. ಈಗಿನ ಅನೇಕ ಫ್ರಿಜ್ಜುಗಳಲ್ಲಿ ಇರುವುದು ಆರ್-600ಎ, ಅಂದರೆ ಐಸೋಬ್ಯೂಟೇನ್. ಇದು ನಮ್ಮ ಅಡುಗೆ ಅನಿಲದ ಜಾತಿಯದೇ, ಹೊತ್ತಿಕೊಳ್ಳುವಂಥದ್ದು. ಪ್ರಮಾಣ ಕೆಲವು ಹತ್ತು ಗ್ರಾಂ ಮಾತ್ರ, ನಿಜ. ಆದರೆ ಅಡುಗೆ ಅನಿಲಕ್ಕೆ ಬೆರೆಸುವ ವಾಸನೆ ಇದರಲ್ಲಿರುವುದಿಲ್ಲ. ಗಾಳಿಗಿಂತ ಭಾರವಾದ್ದರಿಂದ ನೆಲಮಟ್ಟದಲ್ಲಿ ನಿಲ್ಲುತ್ತದೆ. ತೂತಾಯಿತೆಂದು ತಿಳಿದರೆ ಒಲೆ ಆರಿಸಿ, ಯಾವ ಸ್ವಿಚ್ಚನ್ನೂ ಮುಟ್ಟದೆ ಕಿಟಕಿ ಬಾಗಿಲು ತೆರೆದು ಹೊರಗೆ ಬನ್ನಿ. ಯಾವ ಅನಿಲವೆಂಬುದು ಕಂಪ್ರೆಸರಿನ ಮೇಲಿನ ಅಥವಾ ಹಿಂಬದಿಯ ಚೀಟಿಯಲ್ಲಿ ಬರೆದಿರುತ್ತದೆ. ಈ ದಿನವೇ ನೋಡಿ ಗುರುತು ಹಾಕಿಕೊಳ್ಳಿ.

ಗ್ಯಾಸ್ ನಿಜವಾಗಿಯೂ ಹೋಗಿದೆಯೇ?

ಇದನ್ನು ನೀವೇ ಪರೀಕ್ಷಿಸಬಹುದು. ಒಂದೇ ಬಾಗಿಲಿನ ಫ್ರಿಜ್ಜಿನ ಹಿಮವನ್ನು ಪೂರ್ತಿ ಕರಗಿಸಿ, ಒಣಗಿಸಿ, ಖಾಲಿ ಫ್ರೀಜರನ್ನು ಒಳ್ಳೆಯ ವೋಲ್ಟೇಜ್ ಇರುವಾಗ ಎರಡು ಗಂಟೆ ಓಡಿಸಿ. ಗೋಡೆಗಳ ಮೇಲೆಲ್ಲ ತೆಳ್ಳನೆಯ ಹಿಮ ಸಮನಾಗಿ ಹರಡಿದ್ದರೆ ಗ್ಯಾಸ್ ಸರಿಯಾಗಿದೆ. ದೋಷ ಬೇರೆ ಕಡೆ ಇದೆ. ಕಂಪ್ರೆಸರ್ ಓಡುತ್ತಿದ್ದೂ ಒಂದು ಮೂಲೆಯಲ್ಲಿ ಮಾತ್ರ ಹಿಮ ಬಿದ್ದು ಉಳಿದದ್ದು ಒಣಗಿದ್ದರೆ ಗ್ಯಾಸ್ ಕಡಿಮೆಯಾಗಿರಬಹುದು, ಇಲ್ಲವೇ ಸಣ್ಣ ಕೊಳವೆ ಕಟ್ಟಿರಬಹುದು. ಇದು ಬಲ್ಲವರ ಕೆಲಸ.

ಬಂದವರನ್ನು ನಾಲ್ಕು ಮಾತು ಕೇಳಿ. ತೂತು ಎಲ್ಲಿತ್ತು, ತೋರಿಸಿ. ತೂತು ಮುಚ್ಚಿ, ಕೊಳವೆಯೊಳಗಿನ ಗಾಳಿ ತೇವವನ್ನು ಪಂಪಿನಿಂದ ಎಳೆದು ತೆಗೆದಿರಾ? ಫಿಲ್ಟರ್ ಬದಲಿಸಿದಿರಾ? ಚೀಟಿಯಲ್ಲಿರುವ ಗ್ಯಾಸನ್ನೇ ತೂಕ ಮಾಡಿ ತುಂಬಿದಿರಾ? ತೂತು ಹುಡುಕದೆ ಗ್ಯಾಸ್ ತುಂಬುವುದೆಂದರೆ ಒಡೆದ ಪೈಪಿಗೆ ನೀರು ಬಿಟ್ಟ ಹಾಗೆ. ರಸೀದಿ ತಪ್ಪದೆ ಪಡೆಯಿರಿ.

ಎರಡು ಬಾಗಿಲಿನ ಫ್ರಿಜ್ ಇದ್ದವರಿಗೆ

ಇವುಗಳಲ್ಲಿ ಹಿಮ ತಾನೇ ಕರಗುವ ಏರ್ಪಾಡಿದೆ. ಒಂದು ಫ್ಯಾನು ತಂಪು ಗಾಳಿಯನ್ನು ಹಂಚುತ್ತದೆ. ಮೇಲಿನ ಗಾಳಿಗಂಡಿಯನ್ನು ಸೊಪ್ಪು, ಹಾಲಿನ ಪಾಕೀಟುಗಳಿಂದ ಮುಚ್ಚಿದರೆ ಐಸೂ ಇಲ್ಲ, ತಂಪೂ ಇಲ್ಲ. ಫ್ಯಾನಿನ ಸದ್ದು ಕೇಳದಿದ್ದರೆ ಒಳಗೆ ಹಿಮ ಕಟ್ಟಿರಬಹುದು. ಎಲ್ಲ ತೆಗೆದು, ಪ್ಲಗ್ ಕಿತ್ತು, ಬಾಗಿಲು ತೆರೆದು ಒಂದು ಹಗಲು ಒಂದು ರಾತ್ರಿ ಬಿಡಿ. ಸರಿಯಾಗಿ ಕೆಲವು ದಿನಗಳಲ್ಲಿ ಮತ್ತೆ ಕೆಟ್ಟರೆ ಹಿಮ ಕರಗಿಸುವ ಭಾಗ ಹೋಗಿದೆಯೆಂದು ಮೆಕ್ಯಾನಿಕ್ಕಿಗೆ ಹೇಳಿ. ಅರ್ಧ ಕೆಲಸ ನೀವೇ ಮಾಡಿದಂತಾಯಿತು.

ಪಟ್ಟಣದಲ್ಲಿರುವ ಮಕ್ಕಳು ಕಳಿಸಿಕೊಟ್ಟ ದೊಡ್ಡ ಫ್ರಿಜ್ಜುಗಳಲ್ಲಿ ನೀರಿನ ಪೈಪು ಜೋಡಿಸಿದರೆ ತಾನೇ ಐಸ್ ಮಾಡಿ ಡಬ್ಬಿಗೆ ಬೀಳಿಸುವ ಯಂತ್ರವಿರುತ್ತದೆ. ಇದು ಹೆಚ್ಚಾಗಿ ಸೋಲುವುದು ನೀರಿನ ಒತ್ತಡದಲ್ಲಿ. ಅನೇಕ ತಯಾರಕರು ಕೇಳುವುದು ಚದರ ಸೆಂಟಿಮೀಟರಿಗೆ ಸುಮಾರು ಒಂದೂವರೆ ಕಿಲೋ ಒತ್ತಡ. ಹತ್ತು ಮೀಟರ್ ಎತ್ತರದ ನೀರು ಒಂದು ಕಿಲೋ ಒತ್ತಡ ಕೊಡುತ್ತದೆಂಬುದು ಡ್ರಿಪ್ ಹಾಕಿದ ನಮಗೆಲ್ಲ ಗೊತ್ತು. ತಾರಸಿಯ ಟ್ಯಾಂಕು ಫ್ರಿಜ್ಜಿಗಿಂತ ನಾಲ್ಕು ಮೀಟರ್ ಮೇಲಿದ್ದರೆ ಸಿಗುವುದು ಅರ್ಧ ಕಿಲೋಗೂ ಕಡಿಮೆ. ಅಚ್ಚು ಅರ್ಧವೇ ತುಂಬುತ್ತದೆ. ಅದರ ವಾಲ್ವಿಗೆ ಮುಚ್ಚಿಕೊಳ್ಳಲೂ ಒತ್ತಡ ಬೇಕು. ಇಲ್ಲದಿದ್ದರೆ ತೊಟ್ಟಿಕ್ಕಿ, ನೀರು ಬೀಳುವ ಕೊಳವೆಯಲ್ಲೇ ಐಸ್ ಕಟ್ಟಿ ಎಲ್ಲ ನಿಲ್ಲುತ್ತದೆ. ಇದು ಯಂತ್ರದ ದೋಷವಲ್ಲ. ಸಣ್ಣ ಪ್ರೆಶರ್ ಪಂಪು ಹಾಕಿಸಬೇಕು, ಇಲ್ಲವೇ ಪೈಪು ಬಿಚ್ಚಿಸಿ ಹಳೆಯ ತಟ್ಟೆಯನ್ನೇ ಬಳಸಬೇಕು.

ಇನ್ನೊಂದು ಶತ್ರು ಗಡಸು ನೀರು. ಬೋರಿನ ನೀರಿಗೆ ಡ್ರಿಪ್ಪಿನ ಬಾಯಿ ಕಟ್ಟುವಂತೆ ಇದರ ವಾಲ್ವಿನ ಸಣ್ಣ ಜಾಲರಿಯೂ ಬಿಳಿ ಹರಳುಗಳಿಂದ ಕಟ್ಟುತ್ತದೆ. ಪ್ಲಗ್ ಕಿತ್ತು, ನಲ್ಲಿ ಮುಚ್ಚಿ, ಹಿಂಬದಿಯಲ್ಲಿ ಪೈಪು ಕೂಡುವಲ್ಲಿ ತಿರುಪು ಬಿಚ್ಚಿದರೆ ಜಾಲರಿ ಕಾಣುತ್ತದೆ. ಅದನ್ನು ನಿಂಬೆರಸ ಬೆರೆಸಿದ ನೀರಿನಲ್ಲಿ ನೆನೆಸಿ ಮೃದುವಾದ ಬ್ರಷ್ಷಿನಿಂದ ತೊಳೆಯಿರಿ. ಡ್ರಿಪ್ಪಿಗೆ ಬಿಡುವ ಆಸಿಡ್ ಇಲ್ಲಿಗೆ ತರಬೇಡಿ. ಫಿಲ್ಟರನ್ನು ಕಾಲಕಾಲಕ್ಕೆ ಬದಲಿಸಿ. ಡಬ್ಬಿಯ ಪಕ್ಕದ ತಂತಿಯ ಕೈ ಮೇಲಕ್ಕೆ ಎತ್ತಿಕೊಂಡಿದ್ದರೆ ಯಂತ್ರ "ಡಬ್ಬಿ ತುಂಬಿದೆ" ಎಂದು ತಿಳಿದು ಸುಮ್ಮನಿರುತ್ತದೆ. ಅದನ್ನೂ ಕೆಳಗಿಳಿಸಿ ನೋಡಿ. ತಟ್ಟೆಯಾಗಲಿ ಯಂತ್ರವಾಗಲಿ, ಹಾಕುವ ನೀರು ಕುಡಿಯಲು ಯೋಗ್ಯವಾಗಿರಬೇಕು. ಹೆಪ್ಪುಗಟ್ಟಿದ ಮಾತ್ರಕ್ಕೆ ನೀರಿನ ರೋಗಾಣುಗಳು ಸಾಯುವುದಿಲ್ಲ.

ಜುಮ್ಮೆಂದರೆ ಅಲ್ಲಿಗೇ ನಿಲ್ಲಿಸಿ

ಫ್ರಿಜ್ಜಿನ ಹಿಡಿಗೆ ಕೈ ತಾಗಿದಾಗ ಜುಮ್ಮೆನ್ನುವುದನ್ನು "ಸ್ವಲ್ಪ ಹಾಗೇ, ಅಭ್ಯಾಸವಾಗಿದೆ" ಎಂದು ಹೇಳುವ ಮನೆಗಳನ್ನು ಕಂಡಿದ್ದೇವೆ. ಒದ್ದೆ ಕೈ, ಬರಿಗಾಲು, ಅಡುಗೆಮನೆಯ ತೊಳೆದ ನೆಲ ಮೂರೂ ಕೂಡಿದ ದಿನ ಆ ಸ್ವಲ್ಪವೇ ಪ್ರಾಣಕ್ಕೆ ಬರುತ್ತದೆ. ಜುಮ್ಮೆಂದರೆ ಮೇನ್ ಆರಿಸಿ, ಪ್ಲಗ್ ಕಿತ್ತು, ಎಲೆಕ್ಟ್ರಿಷಿಯನ್ ನೋಡುವವರೆಗೆ ಹಾಕಬೇಡಿ. ಇಲಿ ತಂತಿ ಕಡಿದಿರಬಹುದು, ಅರ್ತಿಂಗ್ ಕೆಟ್ಟಿರಬಹುದು.

ಮೂರು ಕಾಲಿನ ಪ್ಲಗ್ಗಿನ ದಪ್ಪ ಕಾಲು ಅರ್ತಿಂಗಿನದು. ಅದನ್ನು ತಪ್ಪಿಸಿ ಎರಡು ಕಾಲಿನ ಸಾಕೆಟ್ಟಿಗೆ ಸಿಕ್ಕಿಸುವುದು ಮಹಾ ಅಪರಾಧ. ನಾಗಮಂಗಲದಂಥ ಒಣ ನೆಲದಲ್ಲಿ ಅರ್ತಿಂಗ್ ಗುಂಡಿ ಬೇಸಿಗೆಯಲ್ಲಿ ಒಣಗುತ್ತದೆ. ಒಣ ಮಣ್ಣಿನಲ್ಲಿ ಕರೆಂಟು ಇಳಿಯುವುದಿಲ್ಲ. ವಾರಕ್ಕೆರಡು ಬಿಂದಿಗೆ ನೀರು ಅದಕ್ಕೂ ಹಾಕಿ. ಸೋರಿಕೆಯಾದೊಡನೆ ಕರೆಂಟು ಕಡಿಯುವ 30 ಮಿಲಿ ಆಂಪಿಯರಿನ ಆರ್.ಸಿ.ಸಿ.ಬಿ. ಎಂಬ ಸ್ವಿಚ್ಚನ್ನು ಮೇನ್ ಬಳಿ ಹಾಕಿಸಿಕೊಳ್ಳುವುದು ಎಲ್ಲಕ್ಕಿಂತ ಒಳ್ಳೆಯದು. ಕಂಪ್ರೆಸರಿನ ಪಕ್ಕದ ಕರಿಯ ಮುಚ್ಚಳವನ್ನು ಮಾತ್ರ ಪ್ಲಗ್ ಕಿತ್ತಿದ್ದರೂ ತೆಗೆಯಬೇಡಿ. ಅಲ್ಲಿ ಕಪಾಸಿಟರ್ ಇದ್ದರೆ ಅದರಲ್ಲಿ ಕರೆಂಟು ಉಳಿದಿರಬಹುದು.

ಒಟ್ಟಿನಲ್ಲಿ ಹೇಳುವುದಾದರೆ, ವೋಲ್ಟೇಜ್, ರಬ್ಬರ್, ದೂಳು, ಹಿಮ, ನೀರು ಈ ಐದನ್ನು ನಾವೇ ನೋಡಿಕೊಳ್ಳಬಹುದು. ಇವು ಐದೂ ಸರಿಯಿದ್ದು ಐಸ್ ಕಟ್ಟದಿದ್ದರೆ ಆಗ ಮೆಕ್ಯಾನಿಕ್ಕನ್ನು ಕರೆಸಿ. ಗ್ಯಾಸಿನ ಕೊಳವೆಗೂ ಕರೆಂಟಿನ ಭಾಗಗಳಿಗೂ ನಾವು ಕೈ ಹಾಕುವುದು ಬೇಡ. ಈ ಹಾಳೆಯನ್ನು ಮನೆಯ ಹೆಣ್ಣುಮಕ್ಕಳಿಗೂ ಓದಿ ಹೇಳಿ. ಫ್ರಿಜ್ಜಿನ ಬಾಗಿಲನ್ನು ದಿನಕ್ಕೆ ಹತ್ತು ಸಲ ತೆರೆಯುವವರು ಅವರು. ಎಚ್ಚರಿಕೆಯ ಮಾತು ಮೊದಲು ತಲುಪಬೇಕಾದದ್ದು ಅವರಿಗೆ.